ಮಂಗಳವಾರ ಅಂಗಡಿ ರಜಾ

ದೀಪದ ಬುಡದಲ್ಲಿ ಕತ್ತಲೆ ಎನ್ನುವ ಮಾತಿಗೆ ಸಾಕ್ಷಿ ಬೇಕಿದ್ದವರು ಗಂಜಿಯಣ್ಣನ ಲಾಂಡ್ರಿಗೆ ಹೋಗಿ ಅವನ ಅಂಗಿಯನ್ನೊಮ್ಮೆ ನೋಡಿದರೆ ಸಾಕಿತ್ತು. ಬೀದಿಯವರೆಲ್ಲರ ಬಟ್ಟೆಯನ್ನೂ ಗರಿಗರಿಯಾಗಿಸಿ ಕೊಡುವ ಮನುಷ್ಯ, ತಾನು ಮಾತ್ರ ಯಾರೋ ಹಿಂಡಿ ಹಾಕಿ ಒಣಗಿಸಲು ಮರೆತವನಂತೆ ಓಡಾಡುತ್ತಿದ್ದ. ಕಾಲರಿಗೆ ಗಂಜಿ ಹಾಕುವುದರಲ್ಲಿ ಅವನದು ಧಾರಾಳ ಕೈ. ಅವನ ಅಂಗಡಿಯಿಂದ ಬಂದ ಅಂಗಿ ತೊಟ್ಟವರು ಪಕ್ಕಕ್ಕೆ ನೋಡಬೇಕೆಂದರೆ ಇಡೀ ದೇಹವನ್ನೇ ತಿರುಗಿಸಬೇಕಾಗುತ್ತಿತ್ತು. ಹಾಗಾಗಿ ಆ ಹೆಸರು. ಹುಟ್ಟಿದಾಗ ಇಟ್ಟ ಹೆಸರೂ ಒಂದು ಇದ್ದಿರಬೇಕು. ಅದು ಹೆಂಡತಿಗೂ ಮರೆತುಹೋಗಿತ್ತು. ಅವಳ ಕೆಲಸ ‘ರೀ’ ಎನ್ನುವುದರಲ್ಲೇ ನಡೆಯುತ್ತಿತ್ತು.

ಅಂಗಡಿಯಲ್ಲಿ ಎರಡು ಇಲಾಖೆಗಳು. ಮುಂದಿನ ಕೌಂಟರು ಹೆಂಡತಿಯದು: ಬಟ್ಟೆ ತೆಗೆದುಕೊಳ್ಳುವುದು, ಕೊಡುವುದು, ನಡುವೆ ಗಿರಾಕಿಗಳ ಮನೆಯ ಸುದ್ದಿ ಕೇಳುವುದು. ಬಾಯ್ಲರು, ಒಗೆಯುವ ಯಂತ್ರ, ಕೋಟುಗಳನ್ನು ತೂಗುಹಾಕುವ ಸಾಲು ಇರುವ ಹಿಂದಿನ ಕೋಣೆ ಅವನದು. ಉಣ್ಣೆ ಬಟ್ಟೆ ತೊಳೆಯುವ ಔಷಧದ ವಾಸನೆಗೆ ಅವಳಿಗೆ ಸೀನು ಹತ್ತಿಕೊಂಡರೆ ನಿಲ್ಲುತ್ತಿರಲಿಲ್ಲ. ಆದ್ದರಿಂದ ಅವಳು ಗಡಿ ದಾಟುತ್ತಿರಲಿಲ್ಲ. ಸಂಜೆ ಅವಳು ಅಡುಗೆಗೆಂದು ಮನೆಗೆ ಹೋದಮೇಲೆ ಎರಡೂ ಇಲಾಖೆ ಅವನ ಕೈಗೆ ಬರುತ್ತಿದ್ದವು. ಬಾಗಿಲ ಮೇಲೆ ದಪ್ಪ ಅಕ್ಷರದ ಬೋರ್ಡು: ‘ಇಲ್ಲಿ ಯಾರ ಬಟ್ಟೆಯೂ ಯಾರಿಗೂ ಅದಲುಬದಲಾಗುವುದಿಲ್ಲ.’ ಈ ಒಂದು ವಾಕ್ಯದ ಬಗ್ಗೆ ಅವನಿಗಿದ್ದ ಹೆಮ್ಮೆ ಎಷ್ಟೋ ಜನಕ್ಕೆ ತಮ್ಮ ಮಕ್ಕಳ ಬಗ್ಗೆಯೂ ಇರುವುದಿಲ್ಲ.

ಒಂದು ಬುಧವಾರ ಬೆಳಿಗ್ಗೆ ಹೆಂಡತಿ ಕೌಂಟರಿನಲ್ಲಿ ಕೂತು ಫೋನು ಹಿಡಿದು ಓದುತ್ತಿದ್ದಳು. ಅವನು ಬಾಗಿಲ ಬಳಿಯ ಮೇಜಿನಲ್ಲಿ ಯಾರದೋ ಪ್ಯಾಂಟಿಗೆ ಇಸ್ತ್ರಿ ಒತ್ತುತ್ತಿದ್ದ.

“ರೀ, ಕೇಳಿ ಇಲ್ಲಿ. ‘ದೋಣಿಯಲ್ಲಿ ಕೂರುವ ಗಂಡಸು ಕೋಟಿನ ಕೆಳಗಿನ ಗುಂಡಿ ಬಿಚ್ಚಿರಬೇಕು. ಗಾಳಿಗೂ ಒಂದು ಬಾಗಿಲು ಬೇಡವೆ?’ ಅಬ್ಬಾ! ಗಾಳಿಗೂ ಒಂದು ಬಾಗಿಲು! ಹೇಗೆ ಬರೀತಾರೆ ನೋಡಿ.”

“ಹೂಂ,” ಎಂದ ಗಂಜಿಯಣ್ಣ. ಇಸ್ತ್ರಿಯಿಂದ ಎದ್ದ ಹಬೆ ಅವನ ಮುಖವನ್ನು ಸಕಾಲದಲ್ಲಿ ಮುಚ್ಚಿತು.

“ಹೂಂ ಅಂತೆ ಹೂಂ. ಆ ನಿಶ್ಚಿಂತ ಅನ್ನೋರು ವಾರಕ್ಕೊಂದು ಕಡೆ ಹೋಗ್ತಾರೆ, ವಾರಕ್ಕೊಂದು ಡ್ರೆಸ್ಸು ಹಾಕ್ತಾರೆ. ಪಾರ್ಕಂತೆ, ಮ್ಯೂಸಿಯಮ್ಮಂತೆ, ಹೋದ್ವಾರ ಗಿರಗಿರ ಸುತ್ತೋ ಮರದ ಕುದುರೆ ಹತ್ತಿದ್ರು. ನೀವೂ ಇದೀರ. ಮಂಗಳವಾರ ಬಂತು ಅಂದ್ರೆ ಬಾಯ್ಲರ್ ಸಾಮಾನು, ಬಾಯ್ಲರ್ ಸಾಮಾನು ಅಂತ ಪೇಟೆಗೆ ಹೊರಡ್ತೀರ. ಆ ಬಾಯ್ಲರಿಗೆ ಮಾಡೋ ಸೇವೇಲಿ ಅರ್ಧ ನನಗೆ ಮಾಡಿದ್ರೆ ನಾನೂ ಹಬೆ ಬಿಡ್ತಿದ್ದೆ.”

“ನೀನು ಈಗ್ಲೂ ಬಿಡ್ತೀಯಲ್ಲ,” ಎಂದು ಅವನು ಮೆಲ್ಲನೆ ಹೇಳಿದ್ದು ಪ್ಯಾಂಟಿಗೆ ಮಾತ್ರ ಕೇಳಿಸಿತು.

ಜಾಣ ಓದುಗರು ಇಷ್ಟರಲ್ಲೇ ಊಹಿಸಿರುತ್ತಾರೆ. ಊಹಿಸದವರಿಗಾಗಿ ಹೇಳಿಬಿಡುವುದು ಒಳ್ಳೆಯದು: ‘ನಿಶ್ಚಿಂತ ನಡಿಗೆ’ ಎಂಬ ಬ್ಲಾಗಿನ ಒಡೆಯ, ನಗರದ ಅರ್ಧ ಜನ ಬುಧವಾರ ಬೆಳಿಗ್ಗೆ ಕಾದು ಓದುವ ಶ್ರೀಯುತ ನಿಶ್ಚಿಂತ, ಬೇರೆ ಯಾರೂ ಅಲ್ಲ, ಆ ಪ್ಯಾಂಟಿನ ಮೇಲೆ ನೀರು ಚಿಮುಕಿಸುತ್ತಿದ್ದ ಸುಕ್ಕು ಅಂಗಿಯ ಮನುಷ್ಯ.

ಇದಕ್ಕೆಲ್ಲ ಕಾರಣ ಯಾರೋ ಕೊಟ್ಟು ಮರೆತುಹೋದ ಒಂದು ಕೆನೆಬಣ್ಣದ ಕೋಟು. ಭುಜ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲು ಒಂದು ದಿನ ಅವನು ಅದನ್ನು ತೊಟ್ಟ. ಬರೀ ಪರೀಕ್ಷೆ. ಕನ್ನಡಿಯಲ್ಲಿ ನಿಂತಿದ್ದವನಿಗೆ ನಮಸ್ಕಾರ ಹೇಳಬೇಕು ಅನ್ನಿಸಿತು. ಮರುದಿನ ಮಂಗಳವಾರ, ಅಂಗಡಿಗೆ ರಜಾ. ಕೋಟು ನಡೆಯುವಾಗ ಹೇಗೆ ಬೀಳುತ್ತದೆ ಎಂಬ ಇನ್ನೊಂದು ಪರೀಕ್ಷೆ ಉಳಿದಿತ್ತಲ್ಲ, ಅದಕ್ಕಾಗಿ ದೊಡ್ಡ ರಸ್ತೆಗೆ ಹೋದ. ಬೂಟಿನ ಅಂಗಡಿಯ ಕಾವಲುಗಾರ ಸೆಲ್ಯೂಟು ಹೊಡೆದು ಬಾಗಿಲು ತೆರೆದ. ಅದುವರೆಗೆ ಅವನಿಗೆ ಬಾಗಿಲು ತೆರೆದವರೆಲ್ಲ “ಮೂಟೆ ಅಲ್ಲಿಡು” ಎಂದವರೇ. ಗಂಜಿಯಣ್ಣನಿಗೆ ಕಣ್ಣು ಮಂಜಾಯಿತು. ಬೂಟು ಕೊಳ್ಳದಿದ್ದರೂ ಆ ಬಾಗಿಲಲ್ಲಿ ಎರಡು ಸಲ ಒಳಗೆ ಹೋಗಿ ಎರಡು ಸಲ ಹೊರಗೆ ಬಂದ.

ಆ ದಿನ ಉದ್ಯಾನದ ಕಲ್ಲುಬೆಂಚಿನ ಮೇಲೆ ಫೋನನ್ನು ನೀರಿನ ಬಾಟಲಿಗೆ ಒರಗಿಸಿ, ತಾನಾಗಿ ಚಿತ್ರ ತೆಗೆಯುವಂತೆ ಮಾಡಿ, ಓಡಿಹೋಗಿ ನಿಂತುಕೊಂಡ. ಬೆಂಚು ಗಿಡ್ಡ, ಇವನು ಉದ್ದ. ಚಿತ್ರದಲ್ಲಿ ಬೂಟಿನಿಂದ ಹಿಡಿದು ಕಾಲರಿನವರೆಗೆ ಎಲ್ಲ ಬಂತು, ತಲೆ ಮಾತ್ರ ಬರಲಿಲ್ಲ. ಫೋನನ್ನು ಮೇಲಕ್ಕೆ ತಿರುಗಿಸಿದರೆ ಆಕಾಶ ಬಂತು. ಕೊನೆಗೆ ತಲೆಯಿಲ್ಲದ್ದನ್ನೇ ಹಾಕಿ, ಕೆಳಗೆ ನಾಲ್ಕು ಸಾಲು ಬರೆದ. ಮೊದಲ ಕಮೆಂಟು ಹೀಗಿತ್ತು: ‘ಮುಖ ತೋರಿಸದ ಈ ವಿನಯಕ್ಕೆ ಶರಣು.’ ಎರಡನೆಯದು: ‘ವ್ಯಕ್ತಿ ಮುಖ್ಯವಲ್ಲ, ಶೈಲಿ ಮುಖ್ಯ ಎಂಬುದನ್ನು ಎಷ್ಟು ಗಾಢವಾಗಿ ಹೇಳಿದ್ದೀರಿ!’ ಬೆಂಚು ಗಿಡ್ಡವಾಗಿತ್ತು ಎಂದು ತಿದ್ದುವುದು ಅವಿನಯ ಎನ್ನಿಸಿ ಅವನು ಸುಮ್ಮನಾದ. ಅಂದಿನಿಂದ ಅವನ ತಲೆಗೆ ಬ್ಲಾಗಿನಲ್ಲಿ ಪ್ರವೇಶ ನಿಷಿದ್ಧವಾಯಿತು.

ಮುಂದಿನದು ಸಲೀಸು. ಹಿಂದಿನ ಕೋಣೆಯಲ್ಲಿ ಊರಿನ ಕೋಟುಗಳೆಲ್ಲ ತೂಗುತ್ತಿದ್ದವು. ಮಧ್ಯವಯಸ್ಸಿನ ಗಂಡಸರ ಮೈಯನ್ನು ಸೃಷ್ಟಿಕರ್ತ ಹೆಚ್ಚು ಯೋಚಿಸದೆ ಒಂದೇ ಅಚ್ಚಿನಲ್ಲಿ ತೆಗೆದಿರುವುದರಿಂದ ಎಲ್ಲವೂ ಹೆಚ್ಚುಕಡಿಮೆ ಹೊಂದುತ್ತಿದ್ದವು. ಇದು ಕಳ್ಳತನ ಎಂದು ಯಾರಾದರೂ ಅಂದಿದ್ದರೆ ಅವನು ನೊಂದುಕೊಳ್ಳುತ್ತಿದ್ದ. ಮಂಗಳವಾರ ತೊಟ್ಟದ್ದನ್ನು ಬುಧವಾರ ಮತ್ತೊಮ್ಮೆ ತೊಳೆದು ಕೊಡುತ್ತಿದ್ದನಲ್ಲ! ಒಂದು ತೊಳೆತದ ಕೂಲಿಗೆ ಎರಡು ತೊಳೆತ. ಇದು ಸೇವೆ ಅಲ್ಲದಿದ್ದರೆ ಸೇವೆ ಅನ್ನುವುದು ಯಾವುದಕ್ಕೆ?

ಒಂದೇ ಒಂದು ಮುಳ್ಳಿತ್ತು. ಹೆಂಡತಿ ದಿನಾ ಹೊಗಳುವ ಆ ಗಂಡಸು ತಾನೇ ಎಂದು ಅವಳಿಗೆ ಹೇಳುವ ಹಾಗಿರಲಿಲ್ಲ. ಅವಳ ಕಿವಿಗೆ ಬಿದ್ದದ್ದು ಕೌಂಟರಿಗೆ ಬಿದ್ದ ಹಾಗೆ, ಕೌಂಟರಿಗೆ ಬಿದ್ದದ್ದು ಬೀದಿಗೆ ಬಿದ್ದ ಹಾಗೆ. ಬೀದಿಗೆ ಗೊತ್ತಾದರೆ ಬಾಗಿಲ ಮೇಲಿನ ಬೋರ್ಡಿನ ಜೊತೆಗೆ ಬಾಗಿಲೂ ಮುಚ್ಚುತ್ತದೆ.

ಅದೇ ಬುಧವಾರ, ಗಾಳಿಯ ಬಾಗಿಲಿನ ಮಾತಿನ್ನೂ ಮುಗಿದಿರಲಿಲ್ಲ, ವಿಮಾ ಕಚೇರಿಯ ಮ್ಯಾನೇಜರ ಹೆಂಡತಿ ಬಿರುಗಾಳಿಯಂತೆ ಒಳಗೆ ಬಂದರು. ಬೀದಿಯಲ್ಲಿ ಅವರನ್ನು ಮ್ಯಾನೇಜರಮ್ಮ ಅನ್ನುತ್ತಿದ್ದರು. ಮನೆಯಲ್ಲಿ ಮ್ಯಾನೇಜರು ಯಾರು ಎಂಬ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಫೋನನ್ನು ಕೌಂಟರಿನ ಮೇಲೆ ಇಸ್ಪೀಟಿನ ಎಲೆಯಂತೆ ಬಡಿದರು.

“ಗಂಜಿಯಣ್ಣ, ನೋಡು ಇಲ್ಲಿ. ಈ ಕೋಟು ಯಾರದ್ದು?”

ಪರದೆಯ ಮೇಲೆ ದೋಣಿ. ದೋಣಿಯಲ್ಲಿ ತಲೆಯಿಲ್ಲದ ಒಬ್ಬ ಸೊಗಸುಗಾರ, ಕಂದು ಕೋಟು, ಕೆಳಗಿನ ಗುಂಡಿ ಬಿಚ್ಚಿದೆ.

“ಕೋಟುಗಳು... ಎಲ್ಲ ಒಂದೇ ತರ ಇರ್ತಾವಮ್ಮ.”

“ಎರಡನೇ ಗುಂಡಿ ನೋಡು. ಕೆಂಪು ದಾರ. ಕಂದು ದಾರ ಮುಗಿದಿತ್ತು ಅಂತ ನಾನೇ ಕೈಯಾರೆ ಹಾಕಿದ್ದು. ಲೋಕದಲ್ಲಿ ಇನ್ಯಾವ ಹುಚ್ಚಿ ಕಂದು ಕೋಟಿಗೆ ಕೆಂಪು ದಾರ ಹಾಕ್ತಾಳೆ? ಇವರು ನಮ್ಮನೆಯವರು! ನಿಶ್ಚಿಂತ ಅಂತೆ. ನಿನ್ನೆ ಆಫೀಸಲ್ಲಿ ಉಸಿರಾಡಕ್ಕೂ ಪುರುಸೊತ್ತಿರಲಿಲ್ಲ ಅಂದ್ರು. ಉಸಿರಾಡಕ್ಕೆ ಕೆರೆಗೆ ಹೋಗಿದಾರೆ! ಅದಿರಲಿ.” ಎರಡು ಬೆರಳಿಂದ ಚಿತ್ರವನ್ನು ಹಿಗ್ಗಿಸಿದರು. “ಇದು ಯಾರದ್ದು?”

ಚಿತ್ರದ ಅಂಚಿನಲ್ಲಿ, ಹೂವಿನ ರವಿಕೆಯ ತೋಳಿನಿಂದ ಹೊರಗೆ ಇಣುಕುತ್ತಿದ್ದುದು ಒಂದು ಮೊಣಕೈ.

ಗಂಜಿಯಣ್ಣನಿಗೆ ನೆನಪಾಯಿತು. ದೋಣಿಯಲ್ಲಿ ಪಕ್ಕದಲ್ಲಿದ್ದ ಅಜ್ಜಿ. “ಸ್ವಲ್ಪ ಸರಿದು ಕೂತ್ಕೊಳಪ್ಪ, ನಿನ್ನ ಕೋಟಿಗೆ ನನ್ನ ಮೊಮ್ಮಗು ಕಕ್ಕಿಬಿಡತ್ತೆ” ಎಂದಿದ್ದಳು. ಆದರೆ ಅದನ್ನು ಈಗ ಹೇಳುವುದು ಹೇಗೆ?

ಅವನ ಹೆಂಡತಿ ಕನ್ನಡಕ ಏರಿಸಿ ಬಗ್ಗಿ ನೋಡಿದಳು. “ಹೆಂಗಸರದ್ದೇ ಅಮ್ಮ.”

“ಗಂಡಸರ ಮೊಣಕೈಗೆ ಹೂವಿನ ತೋಳು ಇರತ್ತಾ? ನಾನು ಕೇಳಿದೆ ಅವರನ್ನ. ಕೋಟು ನಿನ್ನೆ ಲಾಂಡ್ರೀಲಿತ್ತು ಅಂತಾರೆ. ನೀನು ಸುಳ್ಳು ಹೇಳೋನಲ್ಲ ಗಂಜಿಯಣ್ಣ, ಹೇಳು. ನಿನ್ನೆ ಅವರು ಇಲ್ಲಿಗೆ ಕೋಟು ಕೊಟ್ರಾ?”

ಮ್ಯಾನೇಜರು ಕೋಟು ಕೊಟ್ಟದ್ದು ಸೋಮವಾರ ಸಂಜೆ, ಆಫೀಸಿನಿಂದ ಮನೆಗೆ ಹೋಗುವಾಗ. ಈಗ ಅದು ಎರಡನೆಯ ಸ್ನಾನ ಮುಗಿಸಿ ಹಿಂದಿನ ಕೋಣೆಯಲ್ಲಿ ತೊಟ್ಟಿಕ್ಕುತ್ತಿತ್ತು. ಆ ಸದ್ದು ಅವನೊಬ್ಬನಿಗೇ ಗುಡುಗಿನಂತೆ ಕೇಳುತ್ತಿತ್ತು. ಸುಳ್ಳು ಹೇಳಬಾರದು, ನಿಜ ಹೇಳುವಂತಿಲ್ಲ. ಇಂಥ ಸಂಕಟದಲ್ಲಿ ಮನುಷ್ಯ ಹಿಡಿಯುವ ಮೂರನೆಯ ದಾರಿಯನ್ನೇ ಅವನೂ ಹಿಡಿದ.

“ನಿನ್ನೆ ಮಂಗಳವಾರ ಅಲ್ವಾ ಅಮ್ಮ. ಮಂಗಳವಾರ ಅಂಗಡಿ ರಜಾ.”

“ರಜಾ?”

“ರಜಾ.”

“ಅಂದ್ರೆ ನಿನ್ನೆ ಯಾರೂ ಬಟ್ಟೆ ಕೊಟ್ಟಿಲ್ಲ.”

“ಕೊಟ್ಟಿಲ್ಲ.”

“ಸಾಕು ಬಿಡು. ಸತ್ಯ ನಿನ್ನ ಬಾಯಲ್ಲೇ ಬಂತು,” ಎಂದು ಮ್ಯಾನೇಜರಮ್ಮ ಫೋನು ಎತ್ತಿಕೊಂಡರು. “ಮುಚ್ಚಿದ ಅಂಗಡೀಲಿ ಕೋಟು ಇಟ್ಟಿದ್ರಂತೆ! ಮಾಯಾವಿ!”

ಒಂದೂ ಸುಳ್ಳಾಡದೆ ಒಬ್ಬ ನಿರಪರಾಧಿಯನ್ನು ನೇಣಿಗೆ ಕಳಿಸಬಹುದು ಎಂದು ಗಂಜಿಯಣ್ಣನಿಗೆ ಅಂದೇ ತಿಳಿದದ್ದು. ಅದಕ್ಕಿಂತ ದೊಡ್ಡ ಪೆಟ್ಟು ಹಿಂದೆಯೇ ಬಂತು.

“ಛೀ,” ಎಂದಳು ಅವನ ಹೆಂಡತಿ, ಫೋನನ್ನು ಡ್ರಾಯರಿಗೆ ಎಸೆದು. “ನಿಶ್ಚಿಂತ ಅಂದ್ರೆ ಆ ಮ್ಯಾನೇಜರಾ? ನಾನು ಯಾರೋ ದೊಡ್ಡ ಮನುಷ್ಯ ಅಂದ್ಕೊಂಡಿದ್ದೆ. ಕಟ್ಕೊಂಡೋಳನ್ನ ಮನೇಲಿ ಬಿಟ್ಟು ಯಾವ್ದೋ ಮೊಣಕೈ ಜೊತೆ ದೋಣಿ ಹತ್ತಿದಾನೆ. ಗಾಳಿಗೆ ಬಾಗಿಲು ಬೇಕಂತೆ, ಗಾಳಿಗೆ!”

ತನ್ನ ಕೀರ್ತಿ ಮ್ಯಾನೇಜರಿಗೆ ಹೋಯಿತಲ್ಲ ಎಂಬ ಹೊಟ್ಟೆಕಿಚ್ಚು ಒಂದು ಕಡೆ, ತಾನು ಮಾಡದ ಪಾಪಕ್ಕೆ ತನ್ನನ್ನೇ ಹೆಂಡತಿ ಬೈಯುತ್ತಿದ್ದಾಳೆ ಎಂಬ ನೋವು ಇನ್ನೊಂದು ಕಡೆ. ಎರಡರ ನಡುವೆ ಆ ಪ್ಯಾಂಟಿಗೆ ಮೂರು ಗೆರೆ ಬಿದ್ದವು.

ಗುರುವಾರ ಹೆಡ್‌ಮಾಸ್ತರು ಬಂದರು, ಹೆಂಡತಿ ಮನೆಗೆ ಹೋದಮೇಲೆ. ಅವರು ನಕ್ಕದ್ದನ್ನು ನೋಡಿದವರು ಶಾಲೆಯಲ್ಲಿ ಯಾರೂ ಇರಲಿಲ್ಲ. ಬಾಗಿಲು ಮುಂದೆ ಮಾಡಿ, ಕೌಂಟರಿನ ಮೇಲೆ ಬಾಗಿ, ಪರೀಕ್ಷೆಯಲ್ಲಿ ಚೀಟಿ ಹಿಡಿದ ದನಿಯಲ್ಲಿ ಕೇಳಿದರು:

“ಹಿಂದಿನ ವಾರ ಮರದ ಕುದುರೆ ಮೇಲೆ ಕೂತಿದ್ದು ನನ್ನ ಬೂದು ಸೂಟು. ಅದರೊಳಗೆ ನಾನು ಇರಲಿಲ್ಲ. ನನ್ನ ಸೂಟು ಇದ್ದದ್ದು ನಿನ್ನ ಹತ್ರ. ಇದರಿಂದ ಏನು ಸಿದ್ಧವಾಗತ್ತೆ?”

ಗಂಜಿಯಣ್ಣ ಹಳೆಯ ಅಭ್ಯಾಸದಿಂದ ಕೈ ಚಾಚಿದ, ಬೆತ್ತದ ಏಟಿಗೆ ಸಿದ್ಧನಾಗಿ. “ತಪ್ಪಾಯ್ತು ಸಾರ್.”

“ಯಾರು ತಪ್ಪು ಅಂದಿದ್ದು?” ಹೆಡ್‌ಮಾಸ್ತರು ಹಿಂದೆ ಮುಂದೆ ನೋಡಿದರು. “ನಾನು ಕಾರಿಡಾರಲ್ಲಿ ಬಂದ್ರೆ ಮಕ್ಕಳು ಓಡಿಹೋಗ್ತಿದ್ವು. ಈಗ ಬಂದು ಗುಡ್ ಮಾರ್ನಿಂಗ್ ಅಂತಾವೆ. ಕೆಲವು ಕೆನೆಯುತ್ವೆ, ಇರಲಿ. ಡ್ರಿಲ್ ಮಾಸ್ತರು ನಿನ್ನೆ ತಾನಾಗೇ ನನಗೆ ಟೀ ತಂದುಕೊಟ್ರು. ನನ್ನ ಹೆಂಡತಿ... ಬೇಡ ಬಿಡು. ‘ನೀವು ಇಷ್ಟು ರಸಿಕರು ಅಂತ ಗೊತ್ತೇ ಇರಲಿಲ್ಲ’ ಅಂದ್ಲು. ಮದುವೆಯಾದಾಗಿಂದ ಕೇಳದ ಮಾತು ಕಣಪ್ಪ.” ಚೀಲದಿಂದ ಒಂದು ನೀಲಿ ಸೂಟು ತೆಗೆದು ಮುಂದಿಟ್ಟರು. “ಇದನ್ನ ಸ್ವಲ್ಪ ಐಸ್‌ಕ್ರೀಂ ಅಂಗಡಿ ಕಡೆ ಓಡಾಡಿಸ್ಕೊಂಡು ಬಾ. ಎರಡು ಕಪ್ಪು ತಿನ್ನು, ಪರವಾಗಿಲ್ಲ. ಟೈ ಮಾತ್ರ ನೇರ ಇರಲಿ. ಹೆಸರು ನನ್ನದು, ನೋಡು.”

“ಸಾರ್, ನಾನು ಇನ್ನು ನಿಲ್ಲಿಸ್ತೀನಿ. ಪಾಪ, ಮ್ಯಾನೇಜರ ಸಂಸಾರ—”

“ನಿಲ್ಲಿಸ್ತೀಯಾ?” ಹೆಡ್‌ಮಾಸ್ತರು ಮತ್ತೆ ಹೆಡ್‌ಮಾಸ್ತರಾದರು. “ನಿಲ್ಲಿಸಿದ್ರೆ ಈ ಬೋರ್ಡಿನ ಕೆಳಗೆ ಇನ್ನೊಂದು ಸಾಲು ನಾನೇ ಬರೆಸ್ತೀನಿ.”

ಶುಕ್ರವಾರ ಮ್ಯಾನೇಜರೇ ಬಂದು ಲಾಂಡ್ರಿಯ ಬೆಂಚಿನ ಮೇಲೆ ಕುಸಿದರು. ಅವರ ಅಂಗಿ ಎರಡು ದಿನದ್ದಾಗಿತ್ತು. ಮ್ಯಾನೇಜರಮ್ಮ ಹಾಸಿಗೆ ಎತ್ತಿಕೊಂಡು ಮಹಡಿಯ ಕೋಣೆ ಸೇರಿದ್ದರು. ಮಾತುಕತೆ ಮೆಟ್ಟಿಲಿನ ಮೂಲಕ, ಅದೂ ಒಂದೇ ದಿಕ್ಕಿನಲ್ಲಿ. ಆಫೀಸಿನವರೆಲ್ಲ ಬಂದು, ಸಾಹೇಬರು ಮಂಗಳವಾರ ಕುರ್ಚಿ ಬಿಟ್ಟು ಏಳಲೇ ಇಲ್ಲ ಎಂದು ಸಾಕ್ಷಿ ಹೇಳಿದ್ದರು. “ಆಫೀಸಿನವರು ಆಫೀಸರ ಪರ ಹೇಳ್ದೆ ನನ್ನ ಪರ ಹೇಳ್ತಾರಾ?” ಎಂದು ಆಕೆ ಅವರಿಗೆ ನೀರನ್ನೂ ಕೊಡದೆ ಕಳಿಸಿದ್ದರು.

“ಕೋಟು ಸೋಮವಾರ ನಿನ್ನ ಕೈಗೇ ಕೊಟ್ಟೆನಲ್ಲೋ ಗಂಜಿಯಣ್ಣ,” ಎಂದರು ಮ್ಯಾನೇಜರು, ಕಣ್ಣೊರೆಸಿಕೊಂಡು. “ಇಲ್ಲಾ, ನನಗೇ ಭ್ರಮೇನಾ? ಅವಳು ಹೇಳಿ ಹೇಳಿ ಈಗ ನನಗೂ ಅನುಮಾನ. ನಾನು ದೋಣಿ ಹತ್ತಿರಬಹುದಾ? ಹತ್ತಿ ಮರೆತಿರಬಹುದಾ?”

ನೀರು ಕಂಡರೆ ತಲೆತಿರುಗುವ ಮನುಷ್ಯ ಅವರು. ಗಂಜಿಯಣ್ಣ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ. ಹೇಳಿದರೆ ಅಂಗಡಿ ಹೋಗುತ್ತದೆ. ಹೇಳದಿದ್ದರೆ ಈ ಪಾಪದ ಮನುಷ್ಯನ ಸಂಸಾರ. ಅವನು ತನ್ನ ತಲೆಯನ್ನು, ಅಂದರೆ ಬ್ಲಾಗಿನಲ್ಲಿ ಉಪಯೋಗಕ್ಕೆ ಬಾರದ ಆ ಭಾಗವನ್ನು, ಕೆರೆದುಕೊಂಡು ಒಂದು ಉಪಾಯ ಹುಡುಕಿದ. ಇದೇ ಕೋಟು ತೊಟ್ಟು ಇದೇ ನಿಶ್ಚಿಂತ ಇನ್ನೊಮ್ಮೆ ಕಾಣಿಸಿಕೊಳ್ಳಬೇಕು, ಅದೇ ಹೊತ್ತಿಗೆ ಮ್ಯಾನೇಜರು ಹೆಂಡತಿಯ ಕಣ್ಣೆದುರಿಗೇ ಇರಬೇಕು.

“ಸಾರ್, ಕೋಟು ಇನ್ನೊಂದು ವಾರ ಇಲ್ಲೇ ಇರಲಿ. ಬರೋ ಮಂಗಳವಾರ ನಾಲ್ಕು ಗಂಟೆಗೆ ನೀವು ಅಮ್ಮಾವ್ರ ಎದುರಿಗೇ ಇರಬೇಕು. ಏನೇ ಆಗ್ಲಿ, ಅವರ ಕಣ್ಣಿಂದ ಮರೆಯಾಗಬಾರದು.”

“ಯಾಕೆ?”

“ಒಳ್ಳೇದಾಗತ್ತೆ ಸಾರ್.”

ಜೀವಮಾನವಿಡೀ ಮೇಲಿನಿಂದ ಬಂದ ಸುತ್ತೋಲೆಗಳನ್ನು ಅರ್ಥ ಕೇಳದೆ ಪಾಲಿಸಿದ್ದ ಮ್ಯಾನೇಜರು ತಲೆಯಾಡಿಸಿದರು.

ಉಪಾಯದಲ್ಲಿ ಒಂದೇ ತೂತಿತ್ತು. ನಿಶ್ಚಿಂತ ಪ್ರತಿ ವಾರದ ಬರಹದ ಕೊನೆಯಲ್ಲಿ ಮುಂದಿನ ವಾರ ಎಲ್ಲಿಗೆ ಹೋಗುತ್ತೇನೆಂದು ಬರೆಯುತ್ತಿದ್ದ. ದೋಣಿಯ ಚಿತ್ರದ ಕೆಳಗೂ ಬರೆದಿದ್ದ: ‘ಬರುವ ಮಂಗಳವಾರ ಸಂಜೆ, ಗುಲಾಬಿ ತೋಟದ ಕಾರಂಜಿಯ ಎದುರು.’ ತಾನು ಬರೆದದ್ದನ್ನು ಜನ ನಿಜವಾಗಿಯೂ ಓದುತ್ತಾರೆ ಎಂಬುದು ಬರಹಗಾರರಿಗೆ ಯಾವಾಗಲೂ ಕೊನೆಗೆ ಹೊಳೆಯುವ ವಿಷಯ.

ಮಂಗಳವಾರ ಗುಲಾಬಿ ತೋಟದಲ್ಲಿ ಗಂಜಿಯಣ್ಣ ತನ್ನ ಸುಕ್ಕು ಅಂಗಿಯ ಮೇಲೆ ಕಂದು ಕೋಟು ತೊಟ್ಟು, ಫೋನನ್ನು ಹೂಕುಂಡದ ಮೇಲೆ ಬಾಟಲಿಗೆ ಒರಗಿಸಿ, ತಾನೇ ಚಿತ್ರ ತೆಗೆಯುವಂತೆ ಮಾಡಿ, ಕಾರಂಜಿಯ ಕಡೆ ತಿರುಗಿದ. ಆಗ ಕಂಡಿತು: ಗೇಟಿನಿಂದ ಮ್ಯಾನೇಜರಮ್ಮ ಬರುತ್ತಿದ್ದಾರೆ, ಕೊಡೆಯನ್ನು ಕತ್ತಿಯಂತೆ ಹಿಡಿದು. ಪಕ್ಕದಲ್ಲಿ ಅವರಿಗೆ ಧೈರ್ಯ ತುಂಬಲು ಬಂದವಳು ಅವನ ಹೆಂಡತಿಯೇ. ಬೆನ್ನ ಹಿಂದೆ, ಹೇಳಿದ ಮಾತು ತಪ್ಪಬಾರದೆಂದು, ಮ್ಯಾನೇಜರು ಓಡೋಡಿ ಬರುತ್ತಿದ್ದಾರೆ, “ನಿಲ್ಲೇ, ನಾನು ನಿನ್ನ ಕಣ್ಣೆದುರಿಗೇ ಇರಬೇಕು!” ಎಂದು ಕೂಗುತ್ತ.

ಗಂಜಿಯಣ್ಣ ಬೆನ್ನು ತಿರುಗಿಸಿ ಓಡಿದ.

“ಅಗೋ! ಅದೇ ಕೋಟು!” ಎಂದು ಕೂಗಿ ಮ್ಯಾನೇಜರಮ್ಮ ಕೊಡೆ ಎತ್ತಿದರು. ಎತ್ತಿದ ಕೊಡೆ ಗಾಳಿಯಲ್ಲೇ ನಿಂತಿತು. ಮಾಯಾವಿ ಅತ್ತ ಕೋಟಿನಲ್ಲಿ ಓಡುತ್ತಿದ್ದಾನೆ. ಇತ್ತ ಬರಿಯ ಅಂಗಿಯಲ್ಲಿ ಏದುಸಿರು ಬಿಡುತ್ತ ಪಕ್ಕದಲ್ಲೇ ನಿಂತಿದ್ದಾನೆ. ಎರಡು ಸಲ ಅತ್ತ ನೋಡಿದರು, ಎರಡು ಸಲ ಇತ್ತ ನೋಡಿದರು.

“ರೀ... ನೀವು ಇಲ್ಲಿದೀರಾ?”

“ಇಲ್ಲೇ ಇದೀನಿ ಕಣೆ,” ಎಂದರು ಮ್ಯಾನೇಜರು, ಅಳು ತಡೆದು. “ನಾನು ಯಾವಾಗ್ಲೂ ಇಲ್ಲೇ ಇರ್ತೀನಿ.”

ಸಂಸಾರವೇನೋ ಅಲ್ಲಿಗೆ ನೆಟ್ಟಗಾಯಿತು. ಆದರೆ ಹೊಸ ಪ್ರಶ್ನೆ ಹುಟ್ಟಿತು: ಹಾಗಾದರೆ ಕೋಟಿನೊಳಗೆ ಓಡುತ್ತಿರುವುದು ಯಾರು? ಈಗ ಮೂವರೂ ಬೆನ್ನಟ್ಟಿದರು.

ಬೇಲಿ ಸುತ್ತಿ ಗುಲಾಬಿ ಬಳ್ಳಿಯ ಚಪ್ಪರದ ಮರೆಗೆ ಬಂದ ಗಂಜಿಯಣ್ಣ ಕೋಟು ಕಳಚಿದ. ಪ್ರಾಣಭಯದಲ್ಲಿದ್ದ ಬೇರೆ ಯಾರಾದರೂ ಆಗಿದ್ದರೆ ಅದನ್ನು ಪೊದೆಗೆ ಎಸೆದು ಓಡುತ್ತಿದ್ದರು. ಅವನಿಂದ ಆಗಲಿಲ್ಲ. ಉಣ್ಣೆಯ ಕೋಟನ್ನು ಮುಳ್ಳಿಗೆ ಎಸೆಯುವುದೆಂದರೆ ತಾಯಿ ಮಗುವನ್ನು ಬಾವಿಗೆ ಎಸೆದಂತೆ. ಕೊಡವಿದ. ಕಾಲರು ಎತ್ತಿದ. ಎರಡೂ ತೋಳನ್ನು ಒಳಮುಖವಾಗಿ ಮಡಿಸಿ ಬೆನ್ನ ಹಿಂದೆ ಕೂಡಿಸಿದ. ಚಪ್ಪರದ ಕಬ್ಬಿಣದ ಕೊಂಡಿಗೆ ತೂಗುಹಾಕಿ, ಭುಜ ಕುಗ್ಗದಂತೆ ಕರವಸ್ತ್ರವನ್ನು ಸುರುಳಿ ಸುತ್ತಿ ಒಳಗೆ ತುರುಕಿದ. ಅಷ್ಟರಲ್ಲಿ ಮೂವರೂ ಬಂದೇಬಿಟ್ಟರು.

ಮ್ಯಾನೇಜರಮ್ಮ ಸುಕ್ಕು ಅಂಗಿಯ ಮನುಷ್ಯನನ್ನು ನೋಡಿದರು. ನೋಡಿದರು ಎನ್ನುವುದು ತಪ್ಪು. ಅವರ ಕಣ್ಣು ಅವನ ಮೂಲಕ ಹಾದು ಆಚೆ ಹೋಯಿತು.

“ಗಂಜಿಯಣ್ಣ, ನೀನಿದೀಯಾ? ಇಲ್ಲಿ ಕೋಟು ಹಾಕ್ಕೊಂಡು ಒಬ್ಬ ದೊಡ್ಡ ಮನುಷ್ಯ ಓಡಿಹೋದ್ನಾ?”

ಅವನನ್ನು ಅನುಮಾನಿಸುವುದಕ್ಕೂ ಯಾರಿಗೂ ತೋಚಲಿಲ್ಲ. ಉಳಿದೆ ಎಂದು ಹಿಗ್ಗಬೇಕೋ ಕುಗ್ಗಬೇಕೋ ತಿಳಿಯದೆ ಅವನು ಬಾಯಿ ತೆರೆಯುವಷ್ಟರಲ್ಲಿ ಚಪ್ಪರದ ಆಚೆಯಿಂದ ಕೆಮ್ಮು ಕೇಳಿಸಿತು. ಟೈ ನೇರ ಮಾಡಿಕೊಳ್ಳುತ್ತ ಹೆಡ್‌ಮಾಸ್ತರು ಹೊರಗೆ ಬಂದರು. ತಮ್ಮ ಹೆಸರಿಗೆ ಕುಂದು ಬರದಂತೆ ನೋಡಿಕೊಳ್ಳಲು ಅವರು ಆಗಲೇ ಬಂದು ಅಲ್ಲಿ ಕೂತಿದ್ದರು. ಕೋಟಿಲ್ಲ, ಬರಿಯ ಅಂಗಿ.

“ಹೆಡ್‌ಮಾಸ್ತರೇ! ನೀವಾ?”

ಹೆಡ್‌ಮಾಸ್ತರು ತೂಗುತ್ತಿದ್ದ ಕೋಟನ್ನು ನೋಡಿದರು, ಗಂಜಿಯಣ್ಣನನ್ನು ನೋಡಿದರು. ಸನ್ಮಾನ ಸ್ವೀಕರಿಸುವವರಂತೆ ತಲೆ ಬಾಗಿಸಿದರು.

“ಇನ್ನು ಮುಚ್ಚಿಡೋದು ಸರಿಯಲ್ಲ. ಹೌದು ತಾಯಿ, ನಿಶ್ಚಿಂತ ನಾನೇ.”

“ನಮ್ಮನೆಯವರ ಕೋಟಲ್ಲಿ?”

“ಲಾಂಡ್ರೀಲಿ ಅದಲುಬದಲಾಯ್ತು.” ಬೆರಳು ಗಂಜಿಯಣ್ಣನ ಕಡೆ ತಿರುಗಿತು. “ಕೇಳಿ ಅವನನ್ನೇ.”

“ಆ ಮೊಣಕೈ?”

“ಪಕ್ಕದಲ್ಲಿ ಕೂತವರ ಮೊಣಕೈಗೆಲ್ಲ ನಾನು ಜವಾಬ್ದಾರಿ ಹೊರೋಕಾಗತ್ತಾ? ಮೊಣಕೈ ಅಂದಮೇಲೆ ಯಾರದ್ದಾದರೂ ಇರತ್ತೆ.”

ಎಲ್ಲರೂ ಗಂಜಿಯಣ್ಣನ ಕಡೆ ತಿರುಗಿದರು. ಅದಲುಬದಲಾಯಿತು. ಹೇಳಬೇಕಾದದ್ದು ಆ ಒಂದೇ ಮಾತು. ಹೇಳಿದರೆ ಮ್ಯಾನೇಜರು ಉಳಿದರು, ಅಂಗಡಿ ಉಳಿಯಿತು, ಹೆಡ್‌ಮಾಸ್ತರಿಗೂ ಟೀ ಉಳಿಯಿತು. ಆದರೆ ಯಾರ ಗುಂಡಿಯೂ ಯಾರ ಅಂಗಿಗೂ ಹೋಗದಂತೆ ಕಾದವನ ಬಾಯಲ್ಲಿ ಆ ಮಾತು ಹಲ್ಲು ಕಿತ್ತಂತೆ ಹೊರಬಂತು.

“ಹೌದಮ್ಮ... ಅದಲುಬದಲಾಯ್ತು. ನನ್ನದೇ ತಪ್ಪು.”

“ಬೋರ್ಡು ನೋಡಿದ್ರೆ ಆಕಾಶದಷ್ಟು!” ಎಂದು ಮ್ಯಾನೇಜರಮ್ಮ ಗದರಿಸಿ, ಕೋಟು ಎಳೆದುಕೊಂಡು, ಗಂಡನ ಕೈ ಹಿಡಿದು ನಡೆದರು. ಹೆಡ್‌ಮಾಸ್ತರು ಅವರ ಹಿಂದೆ ಬ್ಲಾಗಿನ ತತ್ವವನ್ನು ವಿವರಿಸುತ್ತ ಹೋದರು.

ಉಳಿದವರು ಗಂಡ ಹೆಂಡತಿ. ಅವಳ ಕಣ್ಣು ಇನ್ನೂ ಆ ಕೊಂಡಿಯ ಮೇಲೇ ಇತ್ತು. ಮ್ಯಾನೇಜರಮ್ಮ ಎಳೆದಾಗ ಕೆಳಗೆ ಬಿದ್ದಿದ್ದ ಸುರುಳಿ ಕರವಸ್ತ್ರವನ್ನು ಅವಳು ಎತ್ತಿಕೊಂಡಳು.

“ತೋಳು ಹಿಂದೆ ಕೂಡಿಸಿ, ಭುಜಕ್ಕೆ ಕರ್ಚೀಫು ಇಟ್ಟು ಕೋಟು ತೂಗುಹಾಕೋ ಹೆಡ್‌ಮಾಸ್ತರನ್ನ ನಾನು ಇವತ್ತೇ ನೋಡಿದ್ದು.”

ಗಂಜಿಯಣ್ಣ ಕಾರಂಜಿ ನೋಡಿದ.

“ನಿಮ್ಮ ಕೈಲಿ ಬಟ್ಟೆ ಅದಲುಬದಲಾಗತ್ತಾ? ನನ್ನ ಎರಡು ಕಾಲುಚೀಲ ಬೇರೆ ಬೇರೆ ಇದ್ರೆ ನಿದ್ದೆ ಮಾಡೋರಲ್ಲ ನೀವು.” ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ಗಾಳಿಗೆ ಬಾಗಿಲು ಬೇಕು ಅಂದೋರು ನೀವಾ?”

“ಹೂಂ.”

“ಕುದುರೆ ಹತ್ತಿದ್ದು?”

“ಹೂಂ.”

“ಮಂಗಳವಾರ ಮಂಗಳವಾರ ನಾನು ಮನೇಲಿ ಕೂತು ನಿಮ್ಮ ಅಂಗಿ ಒಗೀತಿದ್ದೆ. ನೀವು ಕುದುರೆ ಹತ್ತಿದ್ರಿ. ಬೇರೆಯವರ ಕೋಟು ಹಾಕ್ಕೊಂಡು ಕಂಡೋರ ಮುಂದೆ ಮೆರೆದ್ರಿ, ಹೋಗ್ಲಿ. ಕುದುರೆ ಪಕ್ಕದಲ್ಲಿ ಇನ್ನೊಂದು ಕುದುರೆ ಇರಲಿಲ್ವಾ?”

ಇದ್ದಿತು. ಖಾಲಿ ಇತ್ತು, ಅದೇ ಗತಿಯಲ್ಲಿ ಮೇಲೆ ಕೆಳಗೆ ಕುಣಿಯುತ್ತ ಅವನ ಪಕ್ಕದಲ್ಲೇ ಸುತ್ತುತ್ತಿತ್ತು. ಅವನಿಗೆ ಆಗ ತೋಚಿರಲಿಲ್ಲ.

“ಆ ಫೋನು ಎತ್ಕೊಳ್ಳಿ,” ಎಂದಳು ಅವಳು, ಹೂಕುಂಡದ ಕಡೆ ಗಲ್ಲ ತಿರುಗಿಸಿ. “ಕುದುರೆ ಎಲ್ಲಿದೆ, ತೋರಿಸಿ ನಡೀರಿ. ಬೇರೆಯವರ ಬಟ್ಟೆ ಇನ್ನು ಮುಟ್ಟಕೂಡದು. ಇದೇ ಅಂಗೀಲೇ ಬನ್ನಿ.”

ಬುಧವಾರ ಬೆಳಿಗ್ಗೆ ಶ್ರೀಯುತ ನಿಶ್ಚಿಂತರ ಹೊಸ ಚಿತ್ರ ನಗರವನ್ನು ತಲ್ಲಣಗೊಳಿಸಿತು. ಮರದ ಕುದುರೆಯ ಮೇಲೆ ತಲೆಯಿಲ್ಲದ ಅದೇ ನಿಲುವು, ಆದರೆ ಮೈಮೇಲೆ ನೂರು ಸುಕ್ಕಿನ ಅಂಗಿ. ಕೆಳಗೆ ಬರೆದಿತ್ತು: ‘ಇಸ್ತ್ರಿ ಮಾಡಿದ ಅಂಗಿ ನಿಮ್ಮನ್ನು ನೋಡಲು ಬಂದವರಿಗೆ. ಸುಕ್ಕು ಅಂಗಿ ನಿಮ್ಮ ಜೊತೆ ಬಂದವರಿಗೆ.’ ಓದುಗರು ಹುಚ್ಚೆದ್ದರು. ಮಧ್ಯಾಹ್ನದೊಳಗೆ ಇಬ್ಬರು ಯುವಕರು ಲಾಂಡ್ರಿಗೆ ಬಂದು ಹೊಸ ಅಂಗಿ ಕೊಟ್ಟು, “ಇದಕ್ಕೆ ಚೆನ್ನಾಗಿ ಸುಕ್ಕು ಹಾಕಿಕೊಡಿ” ಎಂದರು. ಗಂಜಿಯಣ್ಣ ಅವನ್ನು ಹಿಡಿದು ಹಿಂದಿನ ಕೋಣೆಯಲ್ಲಿ, ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ, ಬಹಳ ಹೊತ್ತು ನಿಂತಿದ್ದ.

ಸಂಜೆಗೆ ಮುನ್ನ ಮ್ಯಾನೇಜರಮ್ಮ ಬಂದರು. ಈ ಸಲ ಸಿಟ್ಟಿರಲಿಲ್ಲ. ಮುಖದಲ್ಲಿ ಬೇರೆಯವರ ಮನೆಯ ಸುದ್ದಿಯ ತೇಜಸ್ಸಿತ್ತು.

“ಗೊತ್ತಾಯ್ತೇನಮ್ಮ? ಹೆಡ್‌ಮಾಸ್ತರ ಮನೇಲಿ ಬೆಳಿಗ್ಗೆಯಿಂದ ಒಲೆ ಹಚ್ಚಿಲ್ಲವಂತೆ! ಅವರ ಹೆಂಡತಿ ನನ್ನ ಹತ್ರ ಬಂದು ಅತ್ತಳು. ನೋಡು ಇಲ್ಲಿ.” ಎರಡು ಬೆರಳಿಂದ ಚಿತ್ರವನ್ನು ಹಿಗ್ಗಿಸಿದರು. ಪಕ್ಕದ ಕುದುರೆಯ ಕತ್ತನ್ನು ತಬ್ಬಿ, ಗೆರೆಗೆರೆಯ ತೋಳಿನಿಂದ ಹೊರಗೆ ಇಣುಕುತ್ತಿದ್ದುದು ಒಂದು ಮೊಣಕೈ. “ಮತ್ತೆ ಮೊಣಕೈ! ಮೊದಲಿನದ್ದಲ್ಲ, ಬೇರೆ. ನಾನೇ ಹೊಂದಿಸಿ ನೋಡಿದೆ. ನಿಶ್ಚಿಂತ ನಾನೇ ಅಂತ ಬಾಯಿಬಿಟ್ಟು ಹೇಳಿದಾರೆ, ಈಗ ತಪ್ಪಿಸ್ಕೊಳ್ಳೋ ಹಾಗಿಲ್ಲ. ನಾನಲ್ಲ, ಅದು ಲಾಂಡ್ರಿಯವನು, ಲಾಂಡ್ರಿಯವನನ್ನೇ ಕೇಳು ಅಂತ ಗೋಗರೀತಾರಂತೆ. ಲಾಂಡ್ರಿಯವನಂತೆ! ಹೇಳೋ ಸುಳ್ಳಿಗೂ ಒಂದು ಅಂದ ಬೇಡ್ವಾ? ಅದಿರಲಿ, ನೀನು ಗಿರಾಕಿಗಳ ಬಟ್ಟೆಯೆಲ್ಲ ನೋಡೋಳು. ನಿನ್ನೆ ಈ ಗೆರೆ ಬಟ್ಟೆಯೋಳು ಯಾರಾದ್ರೂ ಅಂಗಡಿಗೆ ಬಂದಿದ್ಲಾ?”

ಹಿಂದಿನ ಕೋಣೆಯಲ್ಲಿ ಏನೋ ಕೈಜಾರಿ ಬಿದ್ದ ಸದ್ದಾಯಿತು.

ಕೌಂಟರಿನಲ್ಲಿ ಕೂತಿದ್ದವಳು ಕನ್ನಡಕ ಏರಿಸಿ, ಬಗ್ಗಿ, ಚಿತ್ರವನ್ನು ಎಲ್ಲ ಕಡೆಯಿಂದಲೂ ನೋಡಿದಳು. ಆಮೇಲೆ ತನ್ನ ಗೆರೆಗೆರೆಯ ತೋಳನ್ನು ಮೊಣಕೈ ಮುಚ್ಚುವಂತೆ ಕೆಳಗೆ ಎಳೆದುಕೊಂಡು, ನಿಶ್ಚಿಂತಳಾಗಿ ಹೇಳಿದಳು:

“ಇಲ್ವಲ್ಲಮ್ಮ. ಮಂಗಳವಾರ ಅಂಗಡಿ ರಜಾ.”